ಗಾಂಧಿ ಗಂಜಿನ ತೊಲೆಯೂ 1481ರ ಬಳೆಯೂ

ಹೋದ ದೀಪಾವಳಿಗೆ ಬೀದರಿಗೆ ಹೋಗಿದ್ದೆ. ಕಾಕಾನ ಜೊತೆ ಗಾಂಧಿ ಗಂಜಿಗೆ ಹೋಗುವ ಕೆಲಸ ಬಿತ್ತು. ನೋಡದವರಿಗಾಗಿ ಹೇಳುವುದಾದರೆ, ಗಾಂಧಿ ಗಂಜ್ ನಮ್ಮೂರಿನ ಕಾಳಿನ ಪೇಟೆ. ಹೆಸರು, ಉದ್ದು ಮುಗಿದು ಸೋಯಾ ಬರುತ್ತಿದ್ದ ದಿನಗಳು. ಕಾಕಾ ಅಡತಿ ಅಂಗಡಿಯಲ್ಲಿ ಲೆಕ್ಕ ಬಿಡಿಸುತ್ತಾ ಕೂತರು. ಅಲ್ಲಿನ ಮಾತೆಲ್ಲಾ ಒಂದೇ: ಮಿರಗ ಚೆನ್ನಾಗಿ ಬಂತು, ನಡುವೆ ಕೈಕೊಟ್ಟಿತು, ಕೊನೆಗೆ ಬೇಡವಾದಾಗ ಸುರಿಯಿತು... ನನಗೆ ಬೇಸರವಾಗಿ ಎದ್ದು ಓಣಿ ಹಿಡಿದು ನಡೆದೆ. ಸ್ವಲ್ಪ ದೂರದಲ್ಲಿ ಒಂದು ಸಾಮಿಲ್ಲು ಇತ್ತು. ಬಾಗಿಲಲ್ಲೇ ಹಳೆ ಮನೆ ಕೆಡವಿ ತಂದ ತೊಲೆ, ಕಂಬ, ಜಂತಿಗಳ ರಾಶಿ. ಒಂದು ತೊಲೆಯನ್ನು ಆಗಷ್ಟೇ ಅಡ್ಡಲಾಗಿ ಕೊಯ್ದಿದ್ದರು. ಹೊರಗೆ ಹೊಗೆ ಹಿಡಿದು ಕರ್ರಗಾಗಿದ್ದ ಆ ತೇಗದ ಒಳಗೆ ಜೇನಿನ ಬಣ್ಣ. ಆ ಬಣ್ಣದ ಮೇಲೆ ಒಂದರ ಪಕ್ಕ ಒಂದು ಕಮಾನು ಗೆರೆಗಳು.

ನಾನು ಕುಕ್ಕರುಗಾಲಲ್ಲಿ ಕೂತು ಎಣಿಸತೊಡಗಿದೆ. ಮಿಲ್ಲಿನವನಿಗೆ ಅನುಮಾನ ಬಂತು.

"ಏನ್ರೀ ಸರ, ಹಿಂಗ್ಯಾಕ್ ನೋಡ್ಲತ್ತೀರಿ? ಹಳೇ ಮಾಲ್ ಅದ, ಹುಳ ಹತ್ತಿಲ್ಲ."

"ಎಷ್ಟು ಹಳೇದು?"

"ಕೆಡವಿದವರಿಗೇ ಗೊತ್ತಿಲ್ಲ. ನಿಜಾಮನ ಕಾಲದ್ದು ಅಂತಾರ. ನಮ್ಮ ಕಡಿ ಹಳೇದೆಲ್ಲಾ ನಿಜಾಮನ ಕಾಲದ್ದೇ!"

ನಗು ಬಂತು, ಜೊತೆಗೆ ಸ್ವಲ್ಪ ಸಂಕಟವೂ ಆಯಿತು. ಹತ್ತು ವರ್ಷದ ಹಿಂದೆ ಭಾಲ್ಕಿ ಕಡೆಯ ನಮ್ಮ ಮುತ್ಯಾನ ಮನೆ ಕೆಡವಿದಾಗ ಅದರ ತೊಲೆಗಳೂ ಹೀಗೇ ಒಂದು ಮಿಲ್ಲಿಗೆ ಹೋಗಿದ್ದವು. ಮಾರಿದವನು ನಾನೇ. ಬಂದ ದುಡ್ಡಲ್ಲಿ ಟೈಲ್ಸ್ ಹಾಕಿಸಿದೆವು. ಆ ತೊಲೆಯ ತುದಿಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಬೇಕು ಅಂತ ಗೊತ್ತಾಗಿದ್ದು ಆಮೇಲೆ, ಪುಣೆಯ ಒಬ್ಬ ವಿಜ್ಞಾನಿಯ ಕೆಲಸದ ಬಗ್ಗೆ ಓದಿದಾಗ. ಇವತ್ತು ಬರೆಯಬೇಕು ಅಂದುಕೊಂಡಿರುವುದು ಅವರ ಬಗ್ಗೆ.

ಅವರ ಹೆಸರು ಎಚ್. ಪಿ. ಬೋರಗಾಂವಕರ್. ಪುಣೆಯಲ್ಲಿ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ಅಂತ ಒಂದಿದೆ, 1962ರಲ್ಲಿ ಶುರುವಾದದ್ದು. ಮುಂಗಾರನ್ನು ಅರ್ಥ ಮಾಡಿಕೊಳ್ಳುವುದೇ ಅದರ ಮುಖ್ಯ ಕಸುಬು. ಬೋರಗಾಂವಕರ್ ಅಲ್ಲಿ ಮರದ ಬಳೆಗಳನ್ನು ಓದುತ್ತಾ ದಶಕಗಳನ್ನೇ ಕಳೆದರು. ಹವಾಮಾನ ಸಂಸ್ಥೆಯಲ್ಲಿ ಮರದ ತುಂಡಿಗೇನು ಕೆಲಸ ಅಂತ ಕೇಳುತ್ತೀರಾ? ಕಾರಣವಿದೆ. ಇಡೀ ಭಾರತದ ಮಳೆ ಎಷ್ಟು ಅಂತ ಹೇಳಲು ನಮಗಿರುವ ಒಪ್ಪವಾದ ಲೆಕ್ಕ ಶುರುವಾಗುವುದು 1871ರಿಂದ. ಬಿ. ಪಾರ್ಥಸಾರಥಿ ಮತ್ತು ಜೊತೆಗಾರರು 306 ಮಳೆಮಾಪನ ಕೇಂದ್ರಗಳ ದಾಖಲೆ ಜೋಡಿಸಿ ಅದನ್ನು ಮಾಡಿದ್ದೂ ಇದೇ ಸಂಸ್ಥೆಯಲ್ಲಿ. ಅಂದರೆ ನಮ್ಮ ಕೈಯಲ್ಲಿರುವುದು ಸುಮಾರು ನೂರೈವತ್ತು ವರ್ಷಗಳ ಮಳೆ. ನೂರು ವರ್ಷಕ್ಕೊಮ್ಮೆ ಬರುವಂಥ ಬರ ಎಷ್ಟು ಸಲ ಬಂದಿತ್ತು ಅಂತ ಕೇಳಿದರೆ ಈ ಪುಸ್ತಕದ ಪುಟ ಸಾಲುವುದಿಲ್ಲ. 1871ರ ಹಿಂದಿನ ಪುಟಗಳು ಬೇಕು. ಅವು ಗುಹೆಯೊಳಗಿನ ಸುಣ್ಣದ ತೊಂಗಲಲ್ಲಿವೆ, ಕೆರೆಯ ತಳದ ಕೆಸರಿನಲ್ಲಿವೆ, ಮರಗಳಲ್ಲಿವೆ. ಇವುಗಳಲ್ಲಿ ವರ್ಷಕ್ಕೊಂದು ಗೆರೆ ಎಳೆದು ಲೆಕ್ಕ ಇಡುವುದರಲ್ಲಿ ಮರದಷ್ಟು ಪ್ರಾಮಾಣಿಕ ಗುಮಾಸ್ತ ಇನ್ನೊಬ್ಬನಿಲ್ಲ.

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಅರಿಜೋನಾದಲ್ಲಿ. ಹುಟ್ಟಿಸಿದವರು ಎ. ಇ. ಡಗ್ಲಸ್, ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರ ಮಳೆಯ ಮೇಲೆ ಪರಿಣಾಮ ಮಾಡುತ್ತದೆಯೇ ಅಂತ ಹುಡುಕುತ್ತಾ ಅವರು ಮರಗಳ ಬಳಿ ಬಂದರು. ಒಂದು ಸೀಮೆಯಲ್ಲಿ ಬರ ಬಂದರೆ ಅಲ್ಲಿನ ಮರಗಳೆಲ್ಲಾ ಆ ವರ್ಷ ಸಣ್ಣ ಬಳೆ ತೊಡುತ್ತವೆ. ಹಾಗಾಗಿ ಅಗಲ-ಸಣ್ಣ ಬಳೆಗಳ ಒಂದು ಸರಣಿ, ಆ ಸೀಮೆಯ ಎಲ್ಲಾ ಮರಗಳಲ್ಲೂ ಒಂದೇ ರಾಗದಂತೆ ಇರುತ್ತದೆ. ಇವತ್ತಿನ ಮರದ ಒಳಭಾಗದ ರಾಗ ಹಳೆಯ ತೊಲೆಯ ಹೊರಭಾಗದಲ್ಲಿ ಸಿಕ್ಕರೆ, ಎರಡನ್ನೂ ಹೆಣೆದು ಇನ್ನೂ ಹಿಂದಕ್ಕೆ ಹೋಗಬಹುದು. ಡಗ್ಲಸ್ ಬಳಿ ಇವತ್ತಿನಿಂದ ಹಿಂದಕ್ಕೆ ಹೋಗುವ ಒಂದು ಸರಣಿ ಇತ್ತು. ಮೂಲನಿವಾಸಿಗಳ ಪಾಳುಮನೆಗಳ ತೊಲೆಗಳಿಂದ ಮಾಡಿದ, ಇಸವಿ ಗೊತ್ತಿಲ್ಲದ ಇನ್ನೊಂದು ಸರಣಿಯೂ ಇತ್ತು. ನಡುವೆ ಸಂದು. 1929ರ ಜೂನ್ 22ರಂದು ಶೋ ಲೋ ಎಂಬ ಊರಿನಲ್ಲಿ ಸುಟ್ಟು ಇದ್ದಿಲಾದ ಒಂದು ತೊಲೆ ಸಿಕ್ಕಿತು. ಅದರಲ್ಲಿದ್ದದ್ದು 1237ರಿಂದ 1380ರವರೆಗಿನ ಬಳೆಗಳು. ಸಂದು ಮುಚ್ಚಿತು. ಒಂದೇ ರಾತ್ರಿಯಲ್ಲಿ ಹತ್ತಾರು ಪಾಳು ಊರುಗಳಿಗೆ ಹುಟ್ಟಿದ ಇಸವಿ ಸಿಕ್ಕಿತು. ಸುಟ್ಟ ತೊಲೆ ನೋಡಿ! ನಮ್ಮಲ್ಲಾದರೆ ನೀರೊಲೆಗೆ ಹೋಗಿರುತ್ತಿತ್ತು.

ಇದೆಲ್ಲ ಚಳಿದೇಶದ ಕಥೆ. ಅಲ್ಲಿ ಚಳಿಗಾಲದಲ್ಲಿ ಮರ ನಿದ್ದೆ ಹೋಗುತ್ತದೆ, ಬಳೆ ಸ್ಪಷ್ಟವಾಗಿ ಮೂಡುತ್ತದೆ. ನಮ್ಮಂಥ ಬಿಸಿಲುಸೀಮೆಯ ಮರಗಳಲ್ಲಿ ಬಳೆ ನಂಬಬಹುದೇ ಅನ್ನುವುದೇ ಬಹಳ ಕಾಲ ಪ್ರಶ್ನೆಯಾಗಿತ್ತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆ. ಎ. ಚೌಧುರಿಯವರು 1939-40ರ ಸುಮಾರಿಗೇ ಭಾರತದ ಮರಗಳಲ್ಲಿ ಬಳೆ ಹೇಗೆ ಮೂಡುತ್ತದೆ ಅಂತ ಅಭ್ಯಾಸ ಮಾಡಿ ಪ್ರಕಟಿಸಿದ್ದರು. ಬಹುಪಾಲು ಮರಗಳು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಒಗ್ಗುವ ಕೆಲವೇ ಮರಗಳಲ್ಲಿ ತೇಗ ಮುಖ್ಯ. ಬೇಸಗೆಯಲ್ಲಿ ಅದು ಎಲೆ ಉದುರಿಸಿ ಬೋಳಾಗಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ಅದೇ ಅದರ ಚಳಿಗಾಲ. ಮತ್ತೆ ಚಿಗುರುವಾಗ ಮೊದಲು ದೊಡ್ಡ ರಂಧ್ರಗಳ ಒಂದು ಸಾಲು ಮೂಡುತ್ತದೆ, ಆಮೇಲೆ ಸಣ್ಣ ರಂಧ್ರಗಳ ಗಟ್ಟಿ ಮರ. ದೊಡ್ಡ ರಂಧ್ರಗಳ ಆ ಸಾಲೇ ವರ್ಷದ ಗೆರೆ. ಡಚ್ ವಿಜ್ಞಾನಿ ಬರ್ಲಾಗೆ 1931ರಲ್ಲೇ ಜಾವಾದ ತೇಗದಿಂದ 1514ರವರೆಗಿನ ಬಳೆಗಳ ಸರಣಿ ಪ್ರಕಟಿಸಿ ಮಳೆಗೆ ಹೋಲಿಸಿದ್ದರು.

ಬೋರಗಾಂವಕರ್ ಕೂಡ ಶುರು ಮಾಡಿದ್ದು ತೇಗದಿಂದಲೇ. 1983ರಲ್ಲಿ ಜಿ. ಬಿ. ಪಂತ್ ಜೊತೆ ಸೇರಿ ಠಾಣೆ ಪ್ರದೇಶದ ತೇಗದ ಬಳೆಗಳಿಗೂ ಅಲ್ಲಿನ ಹವೆಗೂ ಇರುವ ಸಂಬಂಧದ ಬಗ್ಗೆ ಒಂದು ಪ್ರಬಂಧ ಬರೆದರು. (ಈ ಪಂತ್ ಮುಂದೆ ಆ ಸಂಸ್ಥೆಯ ನಿರ್ದೇಶಕರಾದವರು. ಹೆಸರು ನೋಡಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಅಂದುಕೊಳ್ಳಬೇಡಿ, ನಾನು ಅಂದುಕೊಂಡಿದ್ದೆ :-) ) ಆಮೇಲೆ ದಾರಿ ಹಿಮಾಲಯಕ್ಕೆ ತಿರುಗಿತು. ಅಲ್ಲಿ ದೇವದಾರು, ಪೈನ್ ಇವೆಲ್ಲ ಇವೆ. ಮರಗಳು ನೂರಾರು ವರ್ಷ ಹಳೆಯವು, ಬಳೆಗಳು ಅಚ್ಚೊತ್ತಿದ ಹಾಗೆ. 1994ರಲ್ಲಿ ಪಂತ್ ಮತ್ತು ಕೆ. ರೂಪಕುಮಾರ್ ಜೊತೆಗೂಡಿ ಶ್ರೀನಗರದ ಬೇಸಗೆ ಮಳೆಯನ್ನು ಹದಿನೆಂಟನೇ ಶತಮಾನದ ಕೊನೆಯವರೆಗೂ ಹಿಂದಕ್ಕೆ ಕಟ್ಟಿದರು. 1996ರಲ್ಲಿ ಪಶ್ಚಿಮ ಹಿಮಾಲಯದ ದೇವದಾರುಗಳ ಬಗ್ಗೆ ಬರೆದರು.

ಹಿಮಾಲಯದ ಮರಗಳಲ್ಲಿ ಒಂದು ತೊಂದರೆ ಇದೆ. ಅವು ಹೆಚ್ಚಾಗಿ ದಾಖಲಿಸುವುದು ಮುಂಗಾರಿಗೆ ಮುಂಚಿನ, ಮಾರ್ಚ್‌ನಿಂದ ಮೇ ತನಕದ ಬಿಸಿಲು-ತೇವವನ್ನು. ನಮ್ಮ ಗಂಜಿನ ಅಡತಿಗೆ ಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್ ತನಕದ ಕಥೆ. ಅದನ್ನು ಹೇಳಬಲ್ಲದ್ದು ದಕ್ಷಿಣದ ತೇಗ. ಕೆಲಸ ಮತ್ತೆ ತೇಗಕ್ಕೆ ಬಂತು.

ತೇಗ ಅಂದರೆ ತಲೆನೋವು. ನಡುವೆ ಮಳೆ ನಿಂತು ಮತ್ತೆ ಬಂದರೆ ಮರ ಮೋಸಹೋಗಿ ಒಂದೇ ವರ್ಷದಲ್ಲಿ ಎರಡು ಗೆರೆ ಎಳೆಯುತ್ತದೆ. ತೀರಾ ಕೆಟ್ಟ ವರ್ಷ ಕಾಂಡದ ಒಂದು ಮಗ್ಗುಲಲ್ಲಿ ಬಳೆಯೇ ಮೂಡದಿರಬಹುದು. ಒಂದು ಮರವನ್ನು ಎಣಿಸಿ ಇಷ್ಟು ವಯಸ್ಸು ಅಂದರೆ ಅದು ಜ್ಯೋತಿಷ್ಯ. ಹಲವು ಮರಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ರಾಗ ತಪ್ಪಿತು ಅಂತ ಹುಡುಕಿ, ಸುಳ್ಳು ಗೆರೆ ತೆಗೆದು, ಕಳೆದುಹೋದ ಗೆರೆ ಸೇರಿಸಿದರೆ ಮಾತ್ರ ಅದು ಇತಿಹಾಸ. ನಿಂತ ಮರವಾದರೆ ಟೊಳ್ಳು ಬೈರಿಗೆಯಿಂದ ಪೆನ್ಸಿಲ್ಲಿಗಿಂತ ಸಪೂರವಾದ ಒಂದು ಕಡ್ಡಿ ಹೊರತೆಗೆಯುತ್ತಾರೆ. ಮರ ಸಾಯುವುದಿಲ್ಲ. ಆ ಕಡ್ಡಿಯನ್ನು ಹಲಗೆಗೆ ಅಂಟಿಸಿ, ಉಜ್ಜಿ ಹೊಳಪು ಬರಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಬಳೆ ಅಳೆಯುತ್ತಾರೆ. ಇಷ್ಟಕ್ಕೇ ಮುಗಿಯುವುದಿಲ್ಲ. ಎಳೆ ಮರ ಬೇಗ ದಪ್ಪವಾಗುತ್ತದೆ, ಮುದಿ ಮರ ನಿಧಾನ. ಹತ್ತು ವರ್ಷದ ಹುಡುಗ ವರ್ಷಕ್ಕೆ ಎರಡು ಇಂಚು ಬೆಳೆದರೆ ಅದು ಊಟದ ಮಹಿಮೆ ಅನ್ನುವ ಹಾಗಿಲ್ಲವಲ್ಲ, ಹಾಗೆ. ಆ ವಯಸ್ಸಿನ ಪಾಲನ್ನು ಕಳೆದ ಮೇಲೆ ಉಳಿಯುವುದು ಮಳೆಯ ಪಾಲು.

ಇನ್ನೊಂದು ಕಷ್ಟ, ಹಳೆಯ ತೇಗವೇ ಉಳಿದಿಲ್ಲ. ಮಲಬಾರಿನ ತೇಗವೆಲ್ಲಾ ಮುಂಬಯಿಯಲ್ಲಿ ಹಡಗಾಯಿತು. ಇಂಥದ್ದರ ನಡುವೆ 2010ರಲ್ಲಿ ಬೋರಗಾಂವಕರ್, ಎ. ಬಿ. ಸಿಕ್ದರ್, ಸೋಮಾರು ರಾಮ್ ಮತ್ತು ಪಂತ್ ಸೇರಿ ಕೇರಳದ ಮೂರು ಜಾಗಗಳ ತೇಗದಿಂದ 523 ವರ್ಷಗಳ ಒಂದು ಸರಣಿ ಪ್ರಕಟಿಸಿದರು. ಶುರು 1481, ಕೊನೆ 2003. ಠಾಣೆಯ ಆ ಮೊದಲ ಪ್ರಬಂಧದಿಂದ ಇಲ್ಲಿಗೆ ಬರಲು ಇಪ್ಪತ್ತೇಳು ವರ್ಷ!

ಆ ಸರಣಿ ಹೇಳಿದ್ದೇನು? ಭಾರತದ ಮುಂಗಾರು ಚೆನ್ನಾಗಿದ್ದ ವರ್ಷ ಬಳೆ ಅಗಲ, ಕೈಕೊಟ್ಟ ವರ್ಷ ಸಣ್ಣ. ಹದಿನೆಂಟನೇ ಶತಮಾನದ ಕೊನೆಯಿಂದ ಈಚೆಗೆ ನೋಡಿದರೆ ಸಣ್ಣ ಬಳೆಗಳು ಎಲ್ ನಿನೋ ಜೊತೆ ಬಂದ ಬರದ ವರ್ಷಗಳಲ್ಲೇ ಹೆಚ್ಚು. ಅದಕ್ಕೂ ಹಿಂದೆ, ಮಳೆಯ ದಾಖಲೆಯೇ ಇಲ್ಲದ ಕಾಲದಲ್ಲಿ, ಎಲ್ ನಿನೋ ಬಂದಿತ್ತು ಅಂತ ಬೇರೆ ಮೂಲಗಳಿಂದ ಗೊತ್ತಿರುವ ಹಲವು ವರ್ಷಗಳಲ್ಲೂ ಬಳೆ ಸಣ್ಣದಾಗಿದೆ. ಪೆಸಿಫಿಕ್ ಸಾಗರದ ನೀರು ಬಿಸಿಯಾದರೆ ಇಲ್ಲಿ ಬರ ಬರುತ್ತದೆ ಅನ್ನುವ ಸಂಬಂಧ ನಿನ್ನೆ ಮೊನ್ನೆಯದಲ್ಲ ಅನ್ನುವುದಕ್ಕೆ ಇದೊಂದು ಸಾಕ್ಷಿ. ಎಲ್ ನಿನೋ ಬಂದಾಗಲೆಲ್ಲಾ ಬರ ಬಂದೇ ಬರುತ್ತದೆ ಅಂತಲ್ಲ, 1997ರಲ್ಲಿ ದೊಡ್ಡ ಎಲ್ ನಿನೋ ಇದ್ದೂ ಮುಂಗಾರು ಕೆಡಲಿಲ್ಲ. ಆದರೆ 1877, 1899, 1918, 1972, 1987, 2002 ಈ ಇಸವಿಗಳನ್ನು ಯಾವ ಹಳೇ ಅಡತಿಯ ಮುಂದೆ ಹೇಳಿದರೂ ಮುಖ ಸಣ್ಣದಾಗುತ್ತದೆ. ಎಲ್ಲವೂ ಎಲ್ ನಿನೋ ವರ್ಷಗಳು.

ಎಪ್ಪತ್ತೆರಡರ ಬರ ನಮ್ಮ ಆಯಿಯ ಬಾಯಲ್ಲಿ ಕೇಳಿದ್ದೇನೆ. ಖಡಿ ಒಡೆಯಲು ಹೋದದ್ದು, ಸರಕಾರ ಕೊಟ್ಟ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ಇದ್ದದ್ದು, ಎತ್ತು ಮಾರಿದ ದಿನ ಮುತ್ಯಾ ಊಟ ಮಾಡದೆ ಮಲಗಿದ್ದು. ಆಯಿಗೆ ಎಲ್ ನಿನೋ ಗೊತ್ತಿರಲಿಲ್ಲ. ಆ ವರ್ಷದ ಲೆಕ್ಕ ಇಟ್ಟಿದ್ದವರಲ್ಲಿ ಆಯಿಯೂ ಒಬ್ಬಳು, ಅಷ್ಟೇ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. 1481 ಅಂದ ಕೂಡಲೇ ಬೀದರಿನವರಿಗೆ ಬೇರೇನೋ ನೆನಪಾಗಬೇಕು. ಮಹಮೂದ್ ಗವಾನನ ತಲೆ ತೆಗೆಸಿದ ವರ್ಷ ಅದು. ಖೋಟಾ ಕಾಗದ ನಂಬಿ ಸುಲ್ತಾನ ಮೂರನೇ ಮುಹಮ್ಮದ್ ಶಾ ತನ್ನ ಅತಿ ದೊಡ್ಡ ಮಂತ್ರಿಯನ್ನೇ ಕೊಲ್ಲಿಸಿದ. ಬಹಮನಿ ರಾಜ್ಯ ಅಲ್ಲಿಂದಲೇ ಒಡೆಯತೊಡಗಿತು. ಅದೇ ವರ್ಷದಿಂದ ಕೇರಳದ ಕಾಡಿನ ತೇಗಗಳು ನಮಗೆ ಲೆಕ್ಕ ಕೊಡಲು ಶುರು ಮಾಡುತ್ತವೆ. ಕಾಕತಾಳೀಯವೇ, ಒಪ್ಪುತ್ತೇನೆ. ಆದರೆ ಬೀದರಿನ ದೃಷ್ಟಿಯಿಂದ ಇದು ಎಂಥಾ ಕೆಟ್ಟ ಕಾಕತಾಳೀಯ ನೋಡಿ! ಬಹಮನಿ ಕಾಲದ ನಮ್ಮ ದೊಡ್ಡ ಬರಗಳೆಲ್ಲಾ ಆ ಇಸವಿಯ ಆಚೆ ದಡದಲ್ಲಿವೆ.

ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದ ಅಹಮದ್ ಶಾನ ಕಥೆ ಗೊತ್ತಿರಬಹುದು. ಅವನ ಆಳ್ವಿಕೆ 1422ರಿಂದ 1436. ಶುರುವಿನ ವರ್ಷಗಳಲ್ಲೇ ಮಳೆ ಹೋಯಿತು. ಅರಮನೆಯ ಕಣಜ ತೆರೆಸಿದ. ಮತ್ತೂ ಬರಲಿಲ್ಲ. ಕೊನೆಗೆ ಸುಲ್ತಾನನೇ ಬಯಲಿಗೆ ಹೋಗಿ ನೆಲಕ್ಕೆ ತಲೆಯಿಟ್ಟು ಬೇಡಿದ, ಮಳೆ ಸುರಿಯಿತು, ಜನ ಅವನನ್ನು 'ವಲಿ' ಅಂದರು ಅಂತ ಫರಿಶ್ತಾ ಬರೆಯುತ್ತಾನೆ. ಅಷ್ಟೂರಿನ ಗುಮ್ಮಟದಲ್ಲಿ ಇವತ್ತಿಗೂ ಜಾತ್ರೆ ನಡೆಯುತ್ತದೆ. ಲಿಂಗಾಯತ ಜಂಗಮರೇ ಮುಂದೆ ನಿಂತು ನಡೆಸುತ್ತಾರೆ, ಭಕ್ತರಿಗೆ ಅವನು ಅಲ್ಲಮಪ್ರಭು. ಆಮೇಲೆ 1470ರ ದಶಕದಲ್ಲಿ ಎರಡು ವರ್ಷ ಮಳೆಯಿಲ್ಲದೆ ದಖ್ಖನ್ ಬರಿದಾದದ್ದನ್ನೂ ಫರಿಶ್ತಾ ಬರೆದಿದ್ದಾನೆ.

ಆದರೆ ಫರಿಶ್ತಾ ಬಿಜಾಪುರದಲ್ಲಿ ಕೂತು ಇದನ್ನೆಲ್ಲ ಬರೆದದ್ದು ಹದಿನೇಳನೇ ಶತಮಾನದ ಆರಂಭದಲ್ಲಿ, ಅಹಮದ್ ಶಾ ಸತ್ತು ನೂರೈವತ್ತು ವರ್ಷಕ್ಕೂ ಹೆಚ್ಚಾದ ಮೇಲೆ. ದರಬಾರಿನ ಚರಿತ್ರೆಕಾರನಿಗೆ ಬರ ಅಂದರೆ ರಾಜನ ಕಥೆಯ ಒಂದು ತಿರುವು. ಪ್ರಾರ್ಥನೆ ಫಲಿಸಬೇಕಾದರೆ ಮೊದಲು ಬರ ಬೀಳಬೇಕು. ಬರ ನಿಜವೋ, ಎಷ್ಟು ದೊಡ್ಡದೋ, ಬೀದರಿಗಷ್ಟೋ ಇಡೀ ದಕ್ಷಿಣಕ್ಕೋ? ಇದಕ್ಕೆ ಸುಲ್ತಾನನ ಹಂಗಿಲ್ಲದ ಸಾಕ್ಷಿ ಬೇಕು. ಮರಕ್ಕೆ ಯಾವ ಸುಲ್ತಾನನ ಹಂಗೂ ಇಲ್ಲ.

ಹಾಗಂತ ಮರವೇ ಎಲ್ಲಾ ಹೇಳುತ್ತದೆ ಅಂತಲೂ ಅಲ್ಲ. 1876-78ರ ಮಹಾಕ್ಷಾಮ ತೆಗೆದುಕೊಳ್ಳಿ. 2010ರಲ್ಲೇ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾದ 327 ಕಡೆಯ ಬಳೆ ಸರಣಿಗಳನ್ನು ಜೋಡಿಸಿ ಮುಂಗಾರು ಏಷ್ಯಾದ ಬರದ ನಕಾಶೆ ಮಾಡಿದರು. ಅದರಲ್ಲಿ ಈ ಬರ ಎದ್ದು ಕಾಣುತ್ತದೆ. ನಮ್ಮಲ್ಲಿ ತಲೆಬುರುಡೆಯ ಬರ ಅಂತ ಹೆಸರಾದ 1791-92 ಕೂಡ ಅವರು ಗುರುತಿಸಿದ 1790-96ರ ದೀರ್ಘ ಬರದೊಳಗೇ ಬರುತ್ತದೆ. ಮಹಾಕ್ಷಾಮದಲ್ಲಿ ಮಳೆ ಹೋದದ್ದು ನಿಜ. ಆದರೆ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಿಂದ 1881ಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಇಳಿಯಲು ಬರೀ ಮಳೆ ಕಾರಣವಲ್ಲ. ಜನ ಸಾಯುತ್ತಿದ್ದಾಗಲೂ ಬಂದರಿನಿಂದ ಧಾನ್ಯ ಹಡಗು ಹತ್ತುತ್ತಿತ್ತು. ಆ ಭಾಗ ಬಳೆಯಲ್ಲಿ ಇರುವುದಿಲ್ಲ, ಅದಕ್ಕೆ ಕಾಗದವೇ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಯಾವುದು ಮೋಡದ ತಪ್ಪು, ಯಾವುದು ಮನುಷ್ಯರ ತಪ್ಪು ಅಂತ ಬೇರೆ ಮಾಡಬಹುದು. ನನ್ನ ಮಟ್ಟಿಗೆ ಬೋರಗಾಂವಕರ್ ಅವರ ಕೆಲಸದ ಬೆಲೆ ಇರುವುದು ಅಲ್ಲೇ. ಅವರು ಇತಿಹಾಸಕಾರರಲ್ಲ, ಆದರೆ ಇತಿಹಾಸಕಾರರು ತಪ್ಪಿಸಿಕೊಳ್ಳಲಾಗದ ಒಂದು ಸಾಕ್ಷಿಯನ್ನು ಕಟಕಟೆಗೆ ತಂದರು.

ಈ ದಾರಿಯಲ್ಲಿ ಅವರು ಒಬ್ಬರೇ ಇರಲಿಲ್ಲ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಬಳೆಯ ಅಗಲ ಬಿಟ್ಟು ಅದರೊಳಗಿನ ಆಮ್ಲಜನಕ, ಇಂಗಾಲ, ಜಲಜನಕಗಳ ಐಸೊಟೋಪುಗಳನ್ನು ಓದಿದವರು. ಕಾಶ್ಮೀರದ ಮರಗಳ ಮೇಲಿನ ಅವರ ಕೆಲಸ 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 2018ರಲ್ಲಿ ಅವರು ತೀರಿಕೊಂಡರು. ಅವರೂ ಬೋರಗಾಂವಕರೂ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೇಷಶಾಯಿಯವರೂ, ಎಸ್. ಆರ್. ಮಣಗಾವೆಯವರೂ ಸೇರಿ ತೇಗದ ಒಂದೇ ಬಳೆಯನ್ನು ಎಳೆಎಳೆಯಾಗಿ ಬಿಡಿಸಿ ಮಾಡಿದ ಕೆಲಸ 2010ರಲ್ಲಿ ಬಂತು. ಒಂದೇ ವರ್ಷದೊಳಗೆ ಮಳೆ ನಡುವೆ ನಿಂತದ್ದರ ಗುರುತೂ ಅದರಲ್ಲಿ ಸಿಗುತ್ತದೆ! ಗಂಜಿನಲ್ಲಿ ಆ ದಿನ ಕೇಳಿದ "ನಡುವೆ ಕೈಕೊಟ್ಟಿತು" ಅನ್ನುವುದನ್ನು ಮರವೂ ಬರೆದಿಟ್ಟಿರುತ್ತದೆ ಅಂದ ಹಾಗಾಯಿತು. ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರೂ ಬೋರಗಾಂವಕರ್ ಜೊತೆ ಸೇರಿ ದಕ್ಷಿಣದ ಎರಡು ಕಡೆಯ ತೇಗದ ಬಗ್ಗೆ 2011ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬರೆದಿದ್ದಾರೆ.

ಇನ್ನು 1481ರ ಆಚೆ ಹೋಗುವುದು ಹೇಗೆ? ಅಷ್ಟು ಹಳೆಯ ತೇಗ ಕಾಡಿನಲ್ಲಿ ಸಿಗುವುದು ಬಹಳ ಅಪರೂಪ. ಡಗ್ಲಸ್ ಮಾಡಿದ್ದನ್ನೇ ಮಾಡಬೇಕು, ಕಾಡು ಬಿಟ್ಟು ಮನೆಗಳ ಒಳಗೆ ನೋಡಬೇಕು. ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋದವರು ಅಲ್ಲಿನ ಕೆತ್ತನೆಯ ಮರದ ಕಂಬಗಳನ್ನು ನೋಡಿರುತ್ತೀರಿ. ಈಗಿನ ರೂಪ ಹದಿನಾರನೇ ಶತಮಾನದ ಅಲಿ ಬರೀದನ ಕಾಲದ್ದು. ಅಂಥ ಕಂಬಕ್ಕೆ ಕಡಿದ ಮರ ಆಗಲೇ ನೂರೈವತ್ತು ವರ್ಷದ್ದಾಗಿದ್ದರೆ ಅದರ ಒಳಬಳೆಗಳು ಅಹಮದ್ ಶಾನ ಕಾಲ ಮುಟ್ಟುತ್ತವೆ. ಸ್ಮಾರಕಕ್ಕೆ ಬೈರಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಆದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಹಳೇ ವಾಡೆಗಳಲ್ಲಿ, ಅಗಸಿಗಳಲ್ಲಿ ಮರ ಇದೆಯಲ್ಲ? ಚೌಕ ಮಾಡಿದ ತೊಲೆಯಲ್ಲಿ ಹೊರಗಿನ ಬಳೆಗಳು ಕೆತ್ತಿ ಹೋಗಿರುತ್ತವೆ, ಮರ ಕಡಿದ ವರ್ಷ ಹೇಳಲಾಗದು ಅನ್ನುತ್ತಾರೆ. ಅದು ನಿಜ. ಆದರೆ ಮಳೆಯ ರಾಗ ಜೋಡಿಸಲು ಕಡಿದ ವರ್ಷ ಬೇಕಿಲ್ಲ, ಉಳಿದ ಬಳೆಗಳು ಗೊತ್ತಿರುವ ಸರಣಿಗೆ ಹೊಂದಿದರೆ ಸಾಕು. ಒಂದು ತೊಲೆ ಸಾಲದು, ಹತ್ತಾರು ಬೇಕು. ಆ ಹತ್ತಾರು ತೊಲೆಗಳು ಈಗ ವಾರಕ್ಕೆ ಒಂದೊಂದರಂತೆ ಚೌಕಟ್ಟು, ಸೋಫಾ, ದೇವರ ಮಂಟಪ ಆಗುತ್ತಿವೆ.

ಮಿಲ್ಲಿನವನಿಗೆ ಇಷ್ಟೆಲ್ಲ ಹೇಳಲಿಲ್ಲ. ತೊಲೆಯ ತುದಿಯಿಂದ ಒಂದು ಗೇಣು ಕೊಯ್ದು ಕೊಡು ಅಂದೆ. "ತುದಿ ಒಡದದ ಸರ, ಅದ್ಕೇನ್ ರೊಕ್ಕ?" ಅಂತ ಸುಮ್ಮನೆ ಕೊಟ್ಟ. ಕಾಕಾ ಬಂದು ನೋಡಿ, ಇಡೀ ಗಂಜ್ ತಿರುಗಿ ಒಂದು ಕೊರಡು ತಗೊಂಡು ಬಂದ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದರು. ಬೆಂಗಳೂರಿಗೆ ತಂದು ಒರಟು ಕಾಗದದಿಂದ ಶುರು ಮಾಡಿ ನಯವಾದ ಕಾಗದದ ತನಕ ಮೂರು ಭಾನುವಾರ ಉಜ್ಜಿದೆ. ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದೆ, ಒಮ್ಮೆ 118, ಇನ್ನೊಮ್ಮೆ 121. ಮಗಳು ಎಣಿಸಿದಾಗ 119. ಹೊರಗಿನಿಂದ ನಲವತ್ತರ ಸುಮಾರಿಗೆ ಮೂರು ಬಳೆಗಳು ಒಂದಕ್ಕೊಂದು ಅಂಟಿಕೊಂಡಂತೆ ಸಣ್ಣಗಿವೆ, ಉಗುರು ಆಡಿಸಿದರೆ ಬೆರಳಿಗೂ ತಿಳಿಯುತ್ತದೆ.

ನಿಮ್ಮಲ್ಲಿ ಯಾರ ಊರಿನಲ್ಲಾದರೂ ಹಳೇ ಮನೆ ಕೆಡವುತ್ತಿದ್ದರೆ, ತೊಲೆ ಮಾರುವ ಮುಂಚೆ ತುದಿಯಿಂದ ಒಂದು ಗೇಣು ತೆಗೆದಿಡಿ. ಮೇಲೆ ಊರು, ಮನೆ ಯಾವ ಕಾಲದ್ದು ಅಂತ ಹಿರಿಯರು ಹೇಳಿದ್ದು, ತೊಲೆ ಎಲ್ಲಿತ್ತು, ಇಷ್ಟನ್ನು ಪೆನ್ನಿನಲ್ಲಿ ಬರೆದಿಡಿ. ಉಜ್ಜಲು ಹೋಗಬೇಡಿ, ಅದು ನಾನು ಮಾಡಿದ ತಪ್ಪು, ಒಂದು ಅಂಚು ಸವೆದೇ ಹೋಯಿತು. ನನ್ನ ತುಂಡು ಪುಸ್ತಕದ ಕಪಾಟಿನ ಮೇಲಿದೆ. ಮುಂದಿನ ಸಲ ಪುಣೆಗೆ ಹೋದಾಗ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.